ಶ್ರುತಿ ಇಳಿಸಿದ ಮುದುಕರು

ಬಾಯಲ್ಲಿ ಜ್ಯೇಷ್ಠಮಧುವಿನ ಬೇರು ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಗಂಟಲಿಗೆ ಒಳ್ಳೆಯದಂತೆ. ನಾನು ಯಕ್ಷಗಾನದ ಹವ್ಯಾಸಿ ಭಾಗವತ, ಸುತ್ತಮುತ್ತಲಿನ ತಾಳಮದ್ದಳೆಗಳಲ್ಲಿ ಪದ ಹೇಳುವವನು. ಈ ಸಲ ಬೇರಿನ ಸಿಹಿಯ ಜೊತೆ ನಾಚಿಕೆಯೂ ಗಂಟಲಲ್ಲಿ ಕೂತಿದೆ. ಅದಕ್ಕೆ ಕಾರಣ, ನೀವು ನಗಬೇಡಿ, ಇಂಗ್ಲೆಂಡಿನ ಒಂದು ರಾಕ್ ತಂಡ.

ಕಾಲೇಜಿನಲ್ಲಿ ಆ ತಂಡದ ಹುಚ್ಚು ಹಿಡಿಸಿದವನು ಗೆಳೆಯ ಸಂಜೀವ. ಕ್ಯಾಸೆಟ್ಟುಗಳು ಅವನ ಅಣ್ಣ ಶಾರ್ಜಾದಿಂದ ತಂದವು. ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಒಂದೇ ಹಾಡು, ನಡುವೆ ಏಳು ಮಾತ್ರೆಯ ನಡೆ. ನಾನು ತೊಡೆ ತಟ್ಟಿಕೊಂಡು, ಇದು ನಮ್ಮ ತ್ರಿವುಡೆ ತಾಳವೇ ಎಂದು ವಾದಿಸುತ್ತಿದ್ದೆ. ಸಾಹಿತ್ಯ ಅರ್ಧವೂ ಅರ್ಥವಾಗುತ್ತಿರಲಿಲ್ಲ. ಗಾಯಕನ ಸ್ವರ ಏರುವ ಎತ್ತರ ಮಾತ್ರ ಚೆನ್ನಾಗಿ ಅರ್ಥವಾಗುತ್ತಿತ್ತು. ಯಕ್ಷಗಾನದ ಹುಚ್ಚಿನವರು ಹಾಡುವವನನ್ನು ಅಳೆಯುವುದೇ ಹಾರ್ಮೋನಿಯಂ ಮನೆಗಳಲ್ಲಿ: ಇವರದ್ದು ಎರಡನೆಯ ಕಪ್ಪು ಮನೆ, ಅಂದರೆ ಕಪ್ಪು ಎರಡು, ಅವರದ್ದು ಅದಕ್ಕಿಂತ ಎತ್ತರದ ಕಪ್ಪು ಮೂರು. ಶ್ರುತಿ ಇಳಿಯಿತೆಂದರೆ ಭಾಗವತ ಮುಗಿದ ಎಂದೇ ಲೆಕ್ಕ.

ತಂಡದವರು ಅರುವತ್ತು ದಾಟಿದ ಮೇಲೆ ಹೊಸದೊಂದು ಆಲ್ಬಂ ಬಂತು. ಸಂಜೀವ ಆಗಲೇ ಸೀತಾಂಗೋಳಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ. ದೊಡ್ಡ ಸ್ಪೀಕರಿನಲ್ಲೇ ಹಾಕಿ ಕೇಳಿಸಿದ. ಎರಡು ಹಾಡಿಗೆ ನಾನು ಎದ್ದೆ.

"ಎಂತದು ಮಾರಾಯ, ಶ್ರುತಿ ಇಳಿಸಿದ್ದಾರೆ. ಇನ್ನು ಮನೆಯಲ್ಲಿ ಕೂತುಕೊಳ್ಳಲಿ."

"ಪೂರಾ ಕೇಳು," ಎಂದ. ನಾನು ಕೇಳಲಿಲ್ಲ.

ಕಳೆದ ವಾರ ಪುತ್ತಿಗೆಯಲ್ಲಿ ಮಧ್ಯಾಹ್ನದ ತಾಳಮದ್ದಳೆ ಇತ್ತು, ಮೈಕ್ ಸಂಜೀವನದ್ದೇ. ಶುರುವಾಗುವ ಮೊದಲು ಮದ್ದಳೆಯವರು ಹತ್ತಿರ ಬಂದು ಮೆಲ್ಲಗೆ, "ಭಾಗವತರೇ, ಇವತ್ತು ಕಪ್ಪು ಎರಡಕ್ಕೆ ಇಡುವನಾ?" ಎಂದರು. "ಯಾಕೆ, ನನಗೆ ಎಂತ ಆಗಿದೆ? ನನ್ನದು ಯಾವಾಗಲೂ ಕಪ್ಪು ಮೂರೇ" ಎಂದೆ. ಮೂರನೆಯ ಪದದಲ್ಲಿ ಮೇಲೆ ಹೋಗಬೇಕಾದ ಕಡೆ ಸ್ವರ ಒಡೆದು ಬರೀ ಗಾಳಿ ಬಂತು. ಸಭೆ ನನ್ನನ್ನೇ ನೋಡುತ್ತಿತ್ತು. ನಾನು ಜಾಗಟೆ ಕೆಳಗಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ಸಂಜೀವ, ನಿನ್ನ ಮೈಕ್ ಸರಿ ಇಲ್ಲ" ಎಂದುಬಿಟ್ಟೆ. ಕುಣಿಯಲಾರದವನಿಗೆ ಅಂಗಳ ಡೊಂಕು ಎಂಬ ಗಾದೆಯನ್ನು ನಾನೇ ಎಷ್ಟು ಜನರಿಗೆ ಹೇಳಿದ್ದೇನೋ. ಸಂಜೀವ ಎದ್ದು ಬಂದ. ವಯರ್ ಎಳೆದು ನೋಡಿದ, ಆಂಪ್ಲಿಫೈಯರಿನ ತಿರುಪು ತಿರುಗಿಸಿದ, ಸಭೆಗೆ ಕೈಮುಗಿದು ಹೋಗಿ ಕೂತ.

ಸಂಜೆ ಅವನ ವ್ಯಾನಿನಲ್ಲೇ ಮನೆಗೆ ಹೊರಟೆವು. ಅವನು ಆ ತಂಡದ ಅದೇ ಆಲ್ಬಂ ಹಾಕಿದ. ಈ ಸಲ ಎದ್ದು ಹೋಗುವ ಹಾಗಿರಲಿಲ್ಲ. ಗಾಯಕನ ಸ್ವರ ಇಳಿದಿದೆ, ನಿಜ. ಆದರೆ ಅವನು ಅದನ್ನು ಮುಚ್ಚಿಡಲು ಹೋಗಿಲ್ಲ. ಹಿಂದೆ ಹಾರಿ ಹಿಡಿಯುತ್ತಿದ್ದ ಜಾಗ ಬಂದಾಗ ಕೆಳಗೇ ನಿಂತು, ಮೇಲಿನದನ್ನು ಗಿಟಾರಿಗೆ ಬಿಟ್ಟುಕೊಟ್ಟಿದ್ದಾನೆ. ಗಿಟಾರಿನವನೂ ಅವಸರ ಮಾಡದೆ, ಇವನು ಉಸಿರು ತೆಗೆದುಕೊಳ್ಳುವವರೆಗೆ ಕಾಯುತ್ತಾನೆ. ಆ ಉಸಿರು ಕೂಡ ಕೇಳುತ್ತದೆ. ಹಳೆಯ ಉದ್ದದ ಹಾಡುಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಕಾದದ್ದನ್ನು ನಾನು ಕೇಳಿದ ನೆನಪಿಲ್ಲ. ಇಷ್ಟು ಒಳ್ಳೆಯ ಆಲ್ಬಮನ್ನು ಎರಡೇ ಹಾಡಿಗೆ ತಳ್ಳಿಹಾಕಿದ್ದೆನಲ್ಲ ಎಂದು ಕಿವಿ ಬಿಸಿಯಾಯಿತು. ಪಕ್ಕದಲ್ಲಿದ್ದವನ ಮುಖ ನೋಡಲೂ ಆಗಲಿಲ್ಲ.

ಇವತ್ತು ಬೆಳಿಗ್ಗೆ ಅವನಿಗೆ ಫೋನ್ ಮಾಡಿದೆ. "ಮೈಕ್ ಸರಿ ಇತ್ತು ಸಂಜೀವ."

"ಗೊತ್ತುಂಟು. ಸರಿ ಇದ್ದ ಮೈಕನ್ನು ರಿಪೇರಿ ಮಾಡುವುದೇ ಕಷ್ಟ ಮಾರಾಯ."

ಆದಿತ್ಯವಾರ ಮೀಂಜದಲ್ಲಿ ಇನ್ನೊಂದು ಕೂಟ ಇದೆ. ಮದ್ದಳೆಯವರಿಗೂ ಫೋನ್ ಮಾಡಿ, ಕಪ್ಪು ಎರಡಕ್ಕೆ ಶ್ರುತಿ ಮಾಡಿದ ಮದ್ದಳೆ ತನ್ನಿ ಎಂದೆ.

"ಎರಡು ವರ್ಷದಿಂದ ತರ್ತಾ ಇದ್ದೇನೆ ಭಾಗವತರೇ," ಎಂದರು. "ಚೀಲದಿಂದ ಹೊರಗೆ ತೆಗೆಯಲಿಲ್ಲ, ಅಷ್ಟೆ."