ಮೂಗು ಮೇಡಂ ಬೀಗ ತೆಗೆಸಿದ್ದು

ಶೂರರು ಕತ್ತಿಯಿಂದ ಹೆಸರಾದರೆ, ನಮ್ಮ ಊರಿನ ಆರೋಗ್ಯ ನಿರೀಕ್ಷಕಿ ಹೆಸರಾದದ್ದು ಮೂಗಿನಿಂದ. ಬಾಗಿಲಲ್ಲಿ ನಿಂತು ಅವರು ಒಮ್ಮೆ ಉಸಿರೆಳೆದರೆ ಸಾಕು, ಪಾತ್ರೆಯ ತಳದ ಹಳಸಲು ತಾನಾಗಿ ಶರಣಾಗುತ್ತದೆ, ಜಿರಲೆಗಳು ಗಂಟುಮೂಟೆ ಕಟ್ಟುತ್ತವೆ ಎಂದು ಪ್ರತೀತಿ. ‘ಮೂಗು ಮೇಡಂ’ ಎಂಬ ಬಿರುದು ಕೊಟ್ಟವರು ಹಾಸ್ಟೆಲ್ ವಾರ್ಡನ್‌ಗಳು. ಕೊಟ್ಟದ್ದು ಹೊಟ್ಟೆ ಉರಿದು. ಮೇಡಂ ಅದನ್ನು ಪದಕದಂತೆ ಧರಿಸಿಕೊಂಡರು.

ಆ ದಿನ ಅವರು ದಂಡೆತ್ತಿ ಹೋದದ್ದು ಒಂದು ವೃದ್ಧಾಶ್ರಮಕ್ಕೆ. ಅಲ್ಲಿನ ಮ್ಯಾನೇಜರ್ ಸಾಲು ಶೌಚಾಲಯಗಳ ಬೀಗವನ್ನು ಒಂದೊಂದಾಗಿ ತೆಗೆದು, ಒಡವೆ ಅಂಗಡಿಯವರ ಹಾಗೆ ಒಳಗಿನ ಹೊಳಪು ತೋರಿಸಿ, ತಕ್ಷಣ ಮತ್ತೆ ಬೀಗ ಜಡಿದರು. ಮೇಡಂ ಉಸಿರೆಳೆದರು. ಫಿನಾಯಿಲ್ ಬಿಟ್ಟರೆ ಏನೂ ಇಲ್ಲ. ಜಗದ್ವಿಖ್ಯಾತ ಮೂಗು ಸೋತಿತು.

ಅನುಮಾನ ಬಂದದ್ದು ಹಜಾರದಲ್ಲಿ. ಕಾಫಿ ಲೋಟಗಳೆಲ್ಲ ತುಂಬಿದ್ದ ಹಾಗೇ ಆರಿ ಕೆನೆಗಟ್ಟಿದ್ದವು. ಅಜ್ಜಿಯರು ಕಾಲಿಗೆ ಕಾಲು ಹೆಣೆದು, ತುಟಿ ಕಚ್ಚಿ ಕುಳಿತಿದ್ದರು.

“ಯಾಕಜ್ಜಿ, ಕಾಫಿ ಕುಡಿದಿಲ್ಲ?”

“ಕುಡಿದು ಎಲ್ಲಿಗೆ ಹೋಗ್ಲಮ್ಮ?” ಎಂದರು ಒಬ್ಬ ನಿವೃತ್ತ ಟೀಚರಜ್ಜಿ. “ನೀನು ಬರ್ತೀಯಂತ ಬೆಳಗ್ಗೇನೇ ತೊಳೆದು ಬೀಗ ಹಾಕಿದ್ರು. ನೀನು ಹೋದ್ಮೇಲೆ ತೆಗೀತಾರಂತೆ. ಬೇಗ ಹೊರಡೇ ಪುಣ್ಯಾತ್ಗಿತ್ತಿ!”

“ಗಲೀಜು ಮಾಡ್ಬಿಡ್ತಾರೆ ಮೇಡಂ,” ಮ್ಯಾನೇಜರ್ ಹಲ್ಲು ಕಿರಿದರು. “ಇವತ್ತೊಂದಿನ ತಡ್ಕೋತಾರೆ. ನೀವು ಸಹಿ ಹಾಕ್ಬಿಡಿ.”

“ಬೀಗದ ಕೈ ಕೊಡಿ.”

“ನಿಮ್ಮ ದೊಡ್ಡ ಸಾಹೇಬ್ರು ನಮಗೆ ಬೇಕಾದವರು. ಒಂದು ಫೋನ್ ಮಾಡಿದ್ರೆ ನಾಳೆ ನೀವು ಎಲ್ಲಿರ್ತೀರೋ!”

“ಮಾಡಿ, ಮಾಡಿ. ಸ್ಪೀಕರ್‌ಗೆ ಹಾಕಿ, ಅಜ್ಜಿಯರೂ ಕೇಳ್ಲಿ.”

ಮ್ಯಾನೇಜರ್ ನಿಜಕ್ಕೂ ಮಾಡಿಬಿಟ್ಟರು. ಸಾಹೇಬರು ಗುಡುಗಿದರು: “ಏನ್ರೀ ನಿಮ್ದು ತಂಟೆ? ಸಹಿ ಹಾಕಿ ಬನ್ರೀ!”

“ಆಗಲ್ಲ ಸಾರ್. ನೀವು ಒಂದಿನ ಬಂದು ಇವರ ಜೊತೆ ತಡ್ಕೊಂಡು ಕೂತ್ಕೊಳ್ಳಿ, ಆಮೇಲೆ ಹಾಕ್ತೀನಿ.”

“ಕಾಡಿಗೆ ವರ್ಗ ಮಾಡಿಸ್ತೀನಿ!”

“ಮಾಡಿಸಿ ಸಾರ್. ಅಲ್ಲಿ ಬೀಗನೇ ಇರಲ್ಲ.”

ಹಜಾರದಲ್ಲಿ ನಗು ಎದ್ದಿತು. ಆ ಸ್ಥಿತಿಯಲ್ಲಿ ನಗುವುದು ಅಪಾಯವೆಂದು ನೆನಪಾಗಿ ಕೂಡಲೇ ನಿಂತಿತು. ಅಷ್ಟರಲ್ಲಿ ಮೇಡಂ ಮ್ಯಾನೇಜರ್ ಕೈಯಿಂದ ಬೀಗದ ಕೈ ಗೊಂಚಲು ಕಿತ್ತುಕೊಂಡಿದ್ದರು. ಬೀಗಗಳು ಕಳಚಿ ಬಿದ್ದವು. ಊರುಗೋಲುಗಳು ಈಟಿಗಳಾದವು, ವಾಕರುಗಳು ರಥಗಳಾದವು. ಟೀಚರಜ್ಜಿಯ ಸೇನಾಪತ್ಯದಲ್ಲಿ ಪಡೆ ನುಗ್ಗಿತು. ಮ್ಯಾನೇಜರ್ ಗೋಡೆಗೆ ಅಂಟಿಕೊಂಡು ಪ್ರಾಣ ಉಳಿಸಿಕೊಂಡರು. ಆಶ್ರಮ ನಪಾಸಾಯಿತು.

ವಾರ ಕಳೆಯುವುದರೊಳಗೆ ವರ್ಗಾವಣೆಯ ಆದೇಶ ಬಂತು. ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದ ಮೇಡಂ ಎದುರು ಅವರ ಅಕ್ಕ ಕಣ್ಣರಳಿಸಿ ಕುಳಿತರು. “ಸಾಹೇಬ್ರಿಗೇ ಎದುರು ಮಾತಾಡಿದ್ಯಲ್ಲೇ! ಎಲ್ಲಿತ್ತೇ ನಿನಗೆ ಅಷ್ಟು ಧೈರ್ಯ?”

“ಧೈರ್ಯ ಏನು ಬಂತಕ್ಕ? ಅವತ್ತು ಬೆಳಗ್ಗೆಯಿಂದ ಊರೆಲ್ಲ ಸುತ್ತಿದ್ದೆ. ನನಗೂ ಅರ್ಜೆಂಟಾಗಿತ್ತು.”