ಗೂಟಕ್ಕೆ ಜಾಗ ಬಿಡದ ಓಣಿ

ಹೊಸದಾಗಿ ಹಾಕಿದ ಕಾಂಕ್ರೀಟಿನ ಮೇಲೆ ಗೋಣಿತಟ್ಟು ಹಾಸಿ ನೀರು ಬಿಟ್ಟಾಗ ಒಂದು ವಾಸನೆ ಏಳುತ್ತದೆ. ಸುಣ್ಣದಂತೆ ತಣ್ಣಗಿನ, ನೆನೆದ ನಾರಿನಂತೆ ಮಂದವಾದ ವಾಸನೆ. ಪತ್ರಿಕೆಯ ಕೆಲಸದಲ್ಲಿ ಎಷ್ಟೋ ರಸ್ತೆಗಳ ವರದಿ ಬರೆದಿದ್ದೇನೆ. ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿಯಲ್ಲಿ, ಮುಂಡರಗಿಯ ಆಚೆ ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ. ಎಲ್ಲಿ ಹೋದರೂ ಆ ವಾಸನೆಯ ಬೆನ್ನಿಗೆ ಇನ್ನೊಂದು ಬಂದು ನಿಲ್ಲುತ್ತದೆ: ದೊಡ್ಡ ಹಂಡೆಯಲ್ಲಿ ಕುದ್ದು, ಆರಿ, ಬೆಳಗಿನ ಹೊತ್ತಿಗೆ ತುಸು ಹುಳಿಯಾದ ಗಂಜಿಯ ವಾಸನೆ. ಆಗ ಸುತ್ತಲಿನ ಮಾತು ದೂರ ಸರಿಯುತ್ತದೆ. ನಾನು ಬೆಟಗೇರಿಯ ನೇಕಾರರ ಓಣಿಯಲ್ಲಿ, ದೊಡ್ಡವ್ವನ ಮನೆಯ ಹೊಸ್ತಿಲ ಮೇಲೆ, ನಿದ್ದೆಗಣ್ಣಿನ ಹುಡುಗಿಯಾಗಿ ಕುಳಿತಿರುತ್ತೇನೆ. ನಿಮಗೂ ಅಂಥದೊಂದು ಹೊಸ್ತಿಲು ಇದ್ದಿರಬಹುದು. ಈಗ ಅದು ಇರಲಿಕ್ಕಿಲ್ಲ.

ಅಪ್ಪ ಅವ್ವ ಹೊಂಬಳದಲ್ಲಿ ಹೊಲ ಮಾಡಿಕೊಂಡಿದ್ದರು. ಶಾಲೆಗೆಂದು ನನ್ನನ್ನು ಅವ್ವನ ಅಕ್ಕ ನೀಲವ್ವನ ಮನೆಯಲ್ಲಿ ಬಿಟ್ಟಿದ್ದರು. ಮಣ್ಣಿನ ಮಾಳಿಗೆಯ ಮನೆ. ಬೆಳಕಿಂಡಿಯಿಂದ ಒಂದೇ ಒಂದು ಬಿಸಿಲಿನ ಕೋಲು ಇಳಿದು, ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ನೇಯುತ್ತಿದ್ದ ದೊಡ್ಡಪ್ಪನ ಹೆಗಲ ಮೇಲೆ ಕೂರುತ್ತಿತ್ತು. ಲಾಳಿ ಓಡುವ ಸಪ್ಪಳ ನಿಂತರೆ ನನಗೆ ಎಚ್ಚರವಾಗುತ್ತಿತ್ತು, ಓಡುತ್ತಿದ್ದರೆ ನಿದ್ದೆ ಬರುತ್ತಿತ್ತು. ಆದರೆ ಬಟ್ಟೆ ಹುಟ್ಟುತ್ತಿದ್ದುದು ಮಗ್ಗದಲ್ಲಲ್ಲ, ಓಣಿಯಲ್ಲಿ. ಹಾಸಿನ ನೂಲನ್ನು, ಅಂದರೆ ಮಗ್ಗಕ್ಕೇರುವ ಉದ್ದೆಳೆಗಳನ್ನು, ಗಂಜಿಯಲ್ಲಿ ಅದ್ದಿ, ನಸುಕಿನಲ್ಲಿ ಓಣಿಯುದ್ದಕ್ಕೂ ಬಿಡಿಸಿ, ನೆಲಕ್ಕೆ ಬಡಿದ ಗೂಟಗಳ ಮೇಲೆ ಎದೆಯೆತ್ತರಕ್ಕೆ ಬಿಗಿಯುತ್ತಿದ್ದರು. ಆಮೇಲೆ ಉದ್ದನೆಯ ಕುಂಚ ಹಿಡಿದು ಆಚೆಯಿಂದೀಚೆಗೆ ನಡೆಯುತ್ತ ಎಳೆ ಎಳೆಯಾಗಿ ಉಜ್ಜುವುದು. ನಡುವೆ ನಿಲ್ಲಿಸಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಹಾಸು ಕೆಡುತ್ತದೆ. ಇಡೀ ಓಣಿಯ ಹಾಸುಗಳಿಗೆ ಗಂಜಿ ಕಾಯಿಸಿ, ಒಣಗುವವರೆಗೂ ಕಾಯುತ್ತಿದ್ದವಳು ದೊಡ್ಡವ್ವ. ಆಕೆಯ ಅನ್ನವೂ ಅದೇ, ಓಣಿಯಲ್ಲಿ ಆಕೆಯ ಮಾತಿಗಿದ್ದ ತೂಕವೂ ಅದೇ. ಹಾಸು ಕಟ್ಟಿದ ದಿನ ನಾವು ಮಕ್ಕಳು ಬಗ್ಗಿ ಅದರ ಕೆಳಗಿನಿಂದ ಶಾಲೆಗೆ ಹೋಗುತ್ತಿದ್ದೆವು. ಮೇಲೆ ಒದ್ದೆ ನೂಲಿನ ಬಿಳಿ ಆಕಾಶ, ಕುತ್ತಿಗೆಗೆ ಒಂದೊಂದೇ ತಣ್ಣನೆಯ ಹನಿ.

ನೆಲ ಎರೆಮಣ್ಣಿನದು. ಮಳೆ ಬಿದ್ದರೆ ಓಣಿ ಕಾಲನ್ನು ಹಿಡಿದುಕೊಳ್ಳುತ್ತಿತ್ತು, ಗಟಾರದ ನೀರು ಅದರೊಳಗೇ ಸೇರುತ್ತಿತ್ತು. ಒಂದು ಮಳೆಗಾಲದಲ್ಲಿ ಸಡಿಲಾದ ಮಣ್ಣಿನಿಂದ ಗೂಟ ಕಿತ್ತು, ಕಟ್ಟಿದ ಹಾಸೆಲ್ಲ ಕೆಸರಿಗೆ ಬಿತ್ತು. ಅಂದು ಸಂಜೆ ದೊಡ್ಡವ್ವ ಓಣಿಯ ಎಲ್ಲರನ್ನೂ ತನ್ನ ಮನೆಯ ಕಟ್ಟೆಗೆ ಕರೆದಳು.

"ಪ್ರತಿ ಮಳಿಗಾಲ ಈ ಕೆಸರಿಗೆ ಸೀರಿ ಉಡಿಸಿಕೋತ ಕುಂಡ್ರೂದೇನು? ಹೇಳ್ರಿ," ಎಂದಳು.

"ಉಡ್ಲಿ ಬಿಡು, ಅದಕ್ಕೂ ಮೈ ಮುಚ್ಚಿಕೋಬೇಕಲ್ಲ," ಎಂದ ದೊಡ್ಡಪ್ಪ. ಎಲ್ಲರೂ ನಕ್ಕರು. ನಗುತ್ತಲೇ ಮರುದಿನ ನಗರಸಭೆಗೆ ಹೋಗುವುದೆಂದು ನಿಶ್ಚಯಿಸಿದರು.

ಎಷ್ಟು ಸಲ ಹೋದರೋ ನನಗೆ ನೆನಪಿಲ್ಲ. ಹೆಂಗಸರು ಊಟದ ಬುತ್ತಿ ಕಟ್ಟಿಕೊಂಡೇ ಹೋಗಿ ಆಫೀಸಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಕೊನೆಗೆ ಬಂದ ಉತ್ತರ: ರಸ್ತೆ, ಗಟಾರ ಎರಡೂ ಮಾಡಿಕೊಡುತ್ತಾರೆ, ಆದರೆ ಓಣಿಯ ಅಗಲ ಸಾಲದು, ಮನೆಮುಂದಿನ ಕಟ್ಟೆಗಳನ್ನು ಓಣಿಯವರೇ ತೆಗೆಯಬೇಕು. ದೊಡ್ಡವ್ವ ಮನೆಗೆ ಬಂದವಳೇ ಹಾರೆ ತೆಗೆದುಕೊಂಡು ಮೊದಲ ಏಟನ್ನು ತನ್ನ ಕಟ್ಟೆಗೇ ಹಾಕಿದಳು. ಒಂದೊಂದಾಗಿ ಉಳಿದವೂ ಹೋದವು. ಕೊನೆಗೆ ನಿಂತದ್ದು ಎದುರುಮನೆಯ ಶಂಕ್ರವ್ವನ ಕಟ್ಟೆಯೊಂದೇ. "ನಮ್ಮನಿಯವರು ಕುಂಡ್ರತಿದ್ದ ಕಟ್ಟಿ ಅದು. ಅವರು ಹೋದರು, ಕಟ್ಟಿ ಐತಿ. ಮುಟ್ಟಗೊಡೂದಿಲ್ಲ," ಎಂದು ಆಕೆ ಅದರ ಮೇಲೇ ಕುಳಿತಳು. ಯಾರೂ ಒತ್ತಾಯ ಮಾಡಲಿಲ್ಲ. ಹಲವು ದಿನ ಆ ಕಟ್ಟೆ ಮುದಿಬಾಯಿಯ ಒಂಟಿ ಹಲ್ಲಿನಂತೆ ಉಳಿಯಿತು. ಆಮೇಲೆ ಒಂದು ಬೆಳಿಗ್ಗೆ ಶಂಕ್ರವ್ವ, ಓಣಿಯ ಕೊನೆಯ ಮನೆಯ ಗೌಂಡಿ ಬಾಬುಸಾಬ ಕಾಕಾನನ್ನು ಕರೆದು ಹೇಳಿದಳು: "ಬಾಬುಸಾಬಣ್ಣ, ನಾ ಒಳಗ ಹೋಗಿ ಬಾಗಲಾ ಹಾಕ್ಕೋತೀನಿ. ಸಪ್ಪಳಾ ಸಣ್ಣಾಗಿ ಮಾಡು." ಕಾಕಾ ಹಾರೆ ಮುಟ್ಟಲಿಲ್ಲ. ಒಂದೊಂದೇ ಕಲ್ಲನ್ನು ಕೈಯಿಂದ ಸಡಿಲಿಸಿ ಎತ್ತಿ ಆಕೆಯ ಹಿತ್ತಲಲ್ಲಿ ಜೋಡಿಸಿಟ್ಟ.

ಕಾಂಕ್ರೀಟು ಹಾಕುವ ಹಿಂದಿನ ದಿನ, ಆ ಕೆಲಸಕ್ಕೂ ಗೌಂಡಿಯಾಗಿದ್ದ ಅದೇ ಕಾಕಾ ಓಣಿಯ ನಡುವೆ ನಿಂತು ಕೂಗಿದ: "ಈಗ ಹೇಳ್ರಿ ಎಲ್ಲಾರೂ, ಎಲ್ಲೆಲ್ಲಿ ಜಾಗಾ ಬಿಡಬೇಕು? ಒಮ್ಮೆ ಗಟ್ಟಿ ಆತಂದ್ರ ಆಮ್ಯಾಲೆ ನನ್ನ ಕೂಡ ಜಗಳಾಡಬ್ಯಾಡ್ರಿ." ಬೇವಿನ ಗಿಡದ ಬುಡಕ್ಕೆ ಎಂದರು. ನಳಕ್ಕೆ ಎಂದರು. ಶಂಕ್ರವ್ವನ ತುಳಸಿಗೆ ಎಂದರು. ಕಾರಹುಣ್ಣಿಮೆಗೆ ಎತ್ತು ಕಟ್ಟುವ ಕಲ್ಲಿಗೆ ಕೂಡ ಬಿಡಿಸಿದರು; ಓಣಿಯಲ್ಲಿ ಎತ್ತು ಇದ್ದದ್ದು ಒಂದೇ ಮನೆಯಲ್ಲಿ. ಎಲ್ಲವೂ ನೆನಪಾಯಿತು. ಕಾಂಕ್ರೀಟು ಬಿದ್ದ ಮೇಲೆ ದಿನಗಟ್ಟಲೆ ಸರದಿಯಲ್ಲಿ ಗೋಣಿತಟ್ಟಿಗೆ ನೀರುಣಿಸಿದೆವು, ಆಡು ಹಾಯದಂತೆ ಕಾವಲಿದ್ದೆವು. ಅಷ್ಟರಲ್ಲಿ ಮನೆಮನೆಯ ಹಳೆಯ ಹಾಸು ಮುಗಿದು ಮಗ್ಗಗಳು ಖಾಲಿಯಾಗುತ್ತ ಬಂದಿದ್ದವು.

ತಟ್ಟು ತೆಗೆದ ಬೆಳಿಗ್ಗೆ ಓಣಿ ತೊಳೆದ ಹರಿವಾಣದಂತಿತ್ತು. ದೊಡ್ಡವ್ವ ಗಂಜಿ ಕಾಯಿಸಿದ್ದಳು. ನೂಲು ಅದ್ದಿ ಆಗಿತ್ತು. ದೊಡ್ಡಪ್ಪ ಗೂಟಗಳನ್ನು ಹೊತ್ತು ತಂದ, ಒಂದನ್ನು ನೆಲಕ್ಕೆ ಊರಿದ, ಸುತ್ತಿಗೆ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

"ಲೇ ಬಾಬ್ಯಾ," ಎಂದ. "ಗೂಟಾ?"

ಕಾಕಾ ನೆಲ ನೋಡಿದ, ಗೂಟ ನೋಡಿದ. "ಯಾ ಅಲ್ಲಾ," ಎಂದು ತಲೆಯ ಮೇಲೆ ಕೈಯಿಟ್ಟು ಅಲ್ಲೇ ಕುಳಿತ.

ತಲೆತಲಾಂತರದಿಂದ ಅದೇ ನೆಲಕ್ಕೆ ಗೂಟ ಬಡಿದವರು, ಅದೇ ಹಾಸು ಕೆಡಬಾರದೆಂದು ರಸ್ತೆ ಕೇಳಿದವರು, ಗೂಟಕ್ಕೆ ಜಾಗ ಬಿಡುವುದನ್ನು ಮರೆತಿದ್ದರು. ಮಣ್ಣು ಗೂಟವನ್ನು ಹಿಡಿದುಕೊಳ್ಳುತ್ತದೆ ಎಂಬುದು ಅವರಿಗೆ ಉಸಿರಾಟದಂತಿತ್ತು. ಯಾರೂ ಅದನ್ನು ಬೇರೆಯಾಗಿ ಯೋಚಿಸಿರಲಿಲ್ಲ. ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಎತ್ತಿಗೆ ಬಿಟ್ಟೇವಲ್ಲೋ ಮಾರಾಯಾ, ಎತ್ತಿಗೆ!" ಎಂದು ದೊಡ್ಡಪ್ಪ ಕಣ್ಣೀರು ಒರೆಸಿಕೊಂಡ.

ದೊಡ್ಡವ್ವ ಮಾತ್ರ ನಗಲಿಲ್ಲ. "ನೂಲು ಗಂಜಿ ಕುಡದೈತಿ. ಅದು ಕಾಯೂದಿಲ್ಲ," ಎಂದಳು. "ಗೂಟ ಇಲ್ಲಂದ್ರ ನಾವ ನಿಂದ್ರೋಣು, ಬರ್ರಿ."

ಆ ಬೆಳಗು ನನ್ನೊಳಗೆ ಈಗಲೂ ನಿಧಾನವಾಗಿ ನಡೆಯುತ್ತಲೇ ಇದೆ. ಒಂದು ತುದಿಯನ್ನು ಬೇವಿನ ಗಿಡಕ್ಕೆ ಬಿಗಿದರು. ಇನ್ನೊಂದು ತುದಿಯ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಗಂಡಸರು ಹಿಂದಕ್ಕೆ ವಾಲಿ ನಿಂತರು. ನಡುವೆ, ಗೂಟವಿರಬೇಕಾದ ಕಡೆಗಳಲ್ಲೆಲ್ಲ, ಇಬ್ಬಿಬ್ಬರು ಎದುರುಬದುರಾಗಿ ಅಡ್ಡಕೋಲು ಹಿಡಿದು ನಿಂತೆವು. ನನ್ನ ಎದುರಿಗೆ ಶಂಕ್ರವ್ವ. ನನ್ನ ಎತ್ತರ ಸಾಲದೆಂದು ಕಾಲ ಕೆಳಗೆ ಒಂದು ಕಲ್ಲು ಇಟ್ಟರು. ಗಂಜಿನೀರು ಕೋಲಿನಗುಂಟ ಇಳಿದು ಮೊಣಕೈವರೆಗೆ ತಣ್ಣಗೆ ಹರಿಯುತ್ತಿತ್ತು. ಬಾಬುಸಾಬ ಕಾಕಾ ಮತ್ತು ದೊಡ್ಡವ್ವ ಕುಂಚ ಹಿಡಿದು ನಮ್ಮ ನಡುವೆ ಹೋಗುತ್ತಿದ್ದರು, ಬರುತ್ತಿದ್ದರು. ನೂಲಿನ ಮೇಲೆ ಕುಂಚ ಸರ್ರ್, ಸರ್ರ್ ಎನ್ನುತ್ತಿತ್ತು. ಬಿಸಿಲು ಏರಿದಂತೆ ನೂಲು ಹಾಲಿನ ಬಣ್ಣದಿಂದ ಹೊಳಪಿಗೆ ತಿರುಗಿತು. ಗಾಳಿ ಬಂದಾಗ ಇಡೀ ಹಾಸು ಒಮ್ಮೆ ಉಸಿರೆಳೆದುಕೊಂಡಂತಾಗಿ, ನಾವೆಲ್ಲ ಒಟ್ಟಿಗೆ ಒಂದಿಷ್ಟು ತೂಗಿದೆವು. "ಕೈ ಸೋತುವೇನವಾ?" ಎಂದಳು ಶಂಕ್ರವ್ವ. ಇಲ್ಲ ಎಂದೆ. ಸೋತಿದ್ದವು. ಬಿಡಲು ಮನಸ್ಸಿರಲಿಲ್ಲ.

ಹಾಸು ಕೆಡಲಿಲ್ಲ. ಆದರೆ ಇಡೀ ಓಣಿ ಕೆಲಸ ಬಿಟ್ಟು ದಿನವೂ ಗೂಟವಾಗಿ ನಿಲ್ಲಲಾಗದು. ಮರುದಿನ ಕಾಕಾ ಉಳಿ, ಸುತ್ತಿಗೆ ತಂದ. ತೂತು ಕೊರೆಯಬೇಕಾದ ಕಡೆ ದೊಡ್ಡವ್ವ ರಂಗೋಲಿಯಿಂದ ಚುಕ್ಕೆ ಇಟ್ಟಳು. "ರಸ್ತಾ ಬಿರುಕು ಬಿಟ್ಟರ ನನ್ನ ಬೈಯಬ್ಯಾಡ್ರಿ ಮತ್ತ," ಎನ್ನುತ್ತ ಆತ ಉಳಿ ಊರಿದ. ಅಷ್ಟರಲ್ಲಿ ದೊಡ್ಡವ್ವ ಎದುರಿಗೆ ನೋಡಿದಳು. ಶಂಕ್ರವ್ವ ಬೋಳು ಹೊಸ್ತಿಲಲ್ಲಿ ನಿಂತಿದ್ದಳು. ಆಕೆಗೆ ಕೂರಲು ಕಟ್ಟೆಯಿರಲಿಲ್ಲ.

"ಆ ಉಳಿ ಮ್ಯಾಲಕ್ಕೆತ್ತು," ಎಂದಳು ದೊಡ್ಡವ್ವ.

"ಚಾ ಕುದಿಯೂದರಾಗ ಮುಗಸ್ತೀನಿ ನೀಲಕ್ಕ."

"ಬ್ಯಾಡ ಅಂದೆನಲ್ಲ. ಆಕಿ ಕಟ್ಟಿ ನನ್ನ ಸಲುವಾಗಿ ಒಡಸೇನಿ. ಈಗ ಎಲ್ಲಾರೂ ಕೂಡಿ ಮಾಡಿದ್ದನ್ನೂ ನನ್ನ ಸಲುವಾಗಿ ಒಡಸೂದು ಬ್ಯಾಡ."

ಅಂದಿನಿಂದ ಹಾಸು ಗಂಜಿ ಕುಡಿಯಲು ಕೈಗಾಡಿಯ ಮೇಲೆ ಊರಾಚೆಯ ಕಾರ್ಖಾನೆಗೆ ಹೋಗತೊಡಗಿತು. ಗಂಜಿಯ ಹಂಡೆ ಬಚ್ಚಲು ಸೇರಿತು. ಮುಂದೆ ಮಗ್ಗಗಳೇ ನಿಂತವು. ಅದಕ್ಕೆ ರಸ್ತೆ ಕಾರಣವಲ್ಲ, ಬೇರೆ ಕಾರಣಗಳಿದ್ದವು. ಮಳೆಗಾಲದಲ್ಲಿ ಕಾಲಿಗೆ ಕೆಸರು ಹತ್ತುತ್ತಿರಲಿಲ್ಲ, ಮಕ್ಕಳಿಗೆ ಜ್ವರ ಕಡಿಮೆಯಾಯಿತು, ಇದೂ ನಿಜ. ದೊಡ್ಡವ್ವ ಒಮ್ಮೆಯೂ ಹಳಹಳಿಸಲಿಲ್ಲ. ಆದರೆ ಬಾಗಿಲಿಗೆ ರಂಗೋಲಿ ಹಾಕಿದ ಮೇಲೆ, ಬೆರಳಲ್ಲಿ ಉಳಿದ ಪುಡಿಯನ್ನು ತಂದು ಆ ಗೂಟದ ಜಾಗಗಳಲ್ಲಿ ಒಂದೊಂದು ಚುಕ್ಕೆ ಇಡುವುದನ್ನು ಕೊನೆಯವರೆಗೂ ಬಿಡಲಿಲ್ಲ.

ಈಗ ಆ ಮನೆಯಿಲ್ಲ. ಅಲ್ಲಿ ಮೂರಂತಸ್ತಿನ ಬೇರೆಯವರ ಮನೆ ಎದ್ದಿದೆ. ಮೇಲೆ ಮೇಲೆ ಹಾಕುತ್ತ ಬಂದ ರಸ್ತೆ ಹೊಸ್ತಿಲಿಗಿಂತ ಎತ್ತರವಾಗಿ, ಮಳೆನೀರು ಮನೆಗಳಿಗೆ ನುಗ್ಗುತ್ತದೆ. ಅದನ್ನು ಅಗೆದು, ತಗ್ಗಿಸಿ, ಹೊಸದಾಗಿ ಹಾಕಬೇಕೆಂದು ಓಣಿಯವರು ಮತ್ತೆ ಒಂದಾಗಿದ್ದಾರೆ. ಆ ಸುದ್ದಿಗೆಂದು ಮೊನ್ನೆ ಹೋಗಿದ್ದೆ. ಮುಂದಾಳು ಬಾಬುಸಾಬ ಕಾಕಾನ ಮೊಮ್ಮಗಳು. ಅಜ್ಜನ ದನಿಯಲ್ಲೇ ಕೂಗುತ್ತಿದ್ದಳು: "ಎಲ್ಲೆಲ್ಲಿ ಜಾಗಾ ಬಿಡಬೇಕು, ಈಗ ಹೇಳಿಬಿಡ್ರಿ!" ನೀರಿನ ಮೀಟರಿಗೆ ಎಂದರು, ಕ್ಯಾಮೆರಾದ ಕಂಬಕ್ಕೆ ಎಂದರು, ಬೇವಿನ ಗಿಡಕ್ಕೆ ಎಂದರು. ನಾನು ನಿಂತಲ್ಲಿಂದ ಗಿಡದ ಕಡೆ ನೋಡಿದೆ. ಇದೇ ಜಾಗ, ಅಂದು ನನ್ನ ಕಾಲ ಕೆಳಗೆ ಕಲ್ಲು ಇಟ್ಟಿದ್ದರು.

"ಅಕ್ಕಾರ, ನಿಮ್ಮ ದೊಡ್ಡವ್ವಾರ ಮನಿ ಮುಂದ ಏನರ ಬಿಡೂದೈತೇನ್ರಿ?" ಎಂದು ಆ ಹುಡುಗಿ ನಗುತ್ತ ನನ್ನನ್ನು ಕೇಳಿದಳು.

ಮೊಣಕೈವರೆಗೆ ಏನೋ ತಣ್ಣಗೆ ಹರಿದಂತಾಯಿತು.

"ಇಲ್ಲವಾ," ಎಂದೆ. "ಈಗ ಏನೂ ಇಲ್ಲ."

ಅವರು ಅಳತೆಯ ದಾರ ಎಳೆಯಲು ಬಂದರು. ಒಬ್ಬಳು ಅದರ ತುದಿಯನ್ನು ನನ್ನ ಕೈಗೆ ಕೊಟ್ಟು, ಸ್ವಲ್ಪ ಹಿಡಕೊಂಡು ನಿಂದ್ರಿ ಎಂದಳು. ಹಿಡಿದು ನಿಂತೆ. ಗಾಳಿ ಬಂದಾಗ ದಾರ ಒಂದಿಷ್ಟು ತೂಗಿತು.