ಬ್ಯಾಟರಿಗೆ ಹಚ್ಚಿದ ವಿಭೂತಿ

ನನ್ನನ್ನು ಮೋಟಾರು ಓಡಿಸುವವನಿಗೆ ಕೊಟ್ಟದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಹಿಡಿಸಿರಲಿಲ್ಲ. ಹೊಲವಿಲ್ಲ, ಎತ್ತಿಲ್ಲ, ಹುಕ್ಕೇರಿಯ ಸಾವುಕಾರರ ಕಾರೇ ಅವನ ಆಸ್ತಿ ಎಂದು ಕಾಕಾ ಚುಚ್ಚುತ್ತಲೇ ಇದ್ದ. ಮದುವೆಯಾದ ಮೇಲೆ ನನ್ನನ್ನು ಕರೆದೊಯ್ಯಲು ನಮ್ಮ ಯಜಮಾನರು ಆ ಕಾರನ್ನೇ ತಂದು ಮಮದಾಪುರದ ನಮ್ಮ ಮನೆಯ ಮುಂದೆ ನಿಲ್ಲಿಸಿದಾಗ ಮಾತ್ರ ಅಪ್ಪ ಮೀಸೆ ತಿರುವಿದ. ಬ್ರಿಟಿಷರು ಇನ್ನೂ ಇದ್ದ ಕಾಲ. ಊರಿಗೆ ಕಾರು ಬರುವುದೆಂದರೆ ಸಣ್ಣ ಮಾತಲ್ಲ.

ರಾತ್ರಿ ಕರೆಂಟು ಸೋರಿಹೋಗಬಾರದೆಂದು ಯಜಮಾನರು ಬ್ಯಾಟರಿಯ ತಂತಿಗಳನ್ನು ಬಿಚ್ಚಿಟ್ಟು ಮಲಗಿದ್ದರು. ನಸುಕಿನಲ್ಲಿ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಅಪ್ಪ ಜಳಕ, ಲಿಂಗಪೂಜೆ ಮುಗಿಸಿ ಬಂದು ಕಾರಿನ ಬಾನೆಟ್ಟು ಎತ್ತಿ ಇಣುಕಿದ. ಬ್ಯಾಟರಿಯ ಮೇಲೆ ತಂತಿ ಬಿಗಿಯುವ ಸೀಸದ ಎರಡು ಗಿಡ್ಡ ಗೂಟಗಳು, ಥೇಟ್ ಪುಟ್ಟ ಲಿಂಗಗಳು. ಅವಕ್ಕೆ ಹಸಿ ವಿಭೂತಿಯನ್ನು ದಪ್ಪಗೆ ಬಳಿದು ಕೈ ಮುಗಿದ.

"ನನ್ನ ಮಗಳನ್ನ ಸುಖವಾಗಿ ಮುಟ್ಟಸಪಾ" ಅಂದ. ಅಪ್ಪ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಯಜಮಾನರು ಎದ್ದು ಬಂದು, ಆ ಮಬ್ಬಿನಲ್ಲೇ ತಡಕಾಡಿ ತಂತಿ ಬಿಗಿದರು.

ಉಡಿ ತುಂಬಿಸಿಕೊಂಡು ನಾನು ಕಾರು ಹತ್ತಿದಾಗ ಓಣಿಗೆ ಓಣಿಯೇ ನೆರೆದಿತ್ತು. ಕಾರು ಉಸಿರೆತ್ತಲಿಲ್ಲ. ಹಾರ್ನ್ ಒತ್ತಿದರೆ ಸದ್ದಿಲ್ಲ. ದೀಪ ಹಾಕಿದರೆ ಮಿಣುಕಿ ಆರಿತು. ಯಜಮಾನರು ಹ್ಯಾಂಡಲ್ ಹಾಕಿ ತಿರುವಿ ತಿರುವಿ ಬೆವೆತರು.

"ಎತ್ತ ಹೂಡೂಣೇನ್ರಿ ಅಳಿಯಾರ? ನಮ್ಮೆತ್ತು ಹ್ಯಾಂಡಲ್ ಕೇಳಂಗಿಲ್ಲ" ಎಂದ ಕಾಕಾ. ಜನ ಬಿದ್ದು ಬಿದ್ದು ನಕ್ಕರು.

"ಬ್ಯಾಟರಿ ಸತ್ತೈತಿ. ಗೋಕಾಕದಿಂದ ಹೊಸಾದು ತರಸ್ರಿ" ಎಂದು ಅಪ್ಪ ಗದರಿದ.

"ಹೋದ ತಿಂಗಳ ಹೊಸಾದು ಹಾಕೇನ್ರಿ ಮಾವಾರ. ಅದರಾಗೇನೂ ಐಬ ಇಲ್ಲ" ಎನ್ನುತ್ತಾ ಯಜಮಾನರು ತಂತಿ ಬಿಚ್ಚಿದರು. ಬೆಳ್ಳಗೆ ಒಣಗಿದ ಪುಡಿ ಉದುರಿತು. ಬೆರಳಿಗೆ ಹತ್ತಿಸಿಕೊಂಡು ಮೂಸಿದರು. ಆಮೇಲೆ ಅಪ್ಪನ ಕಡೆ ನೋಡಿದರು. ಅಪ್ಪ ಬಲಗೈಯನ್ನು ಧೋತರದ ಮಡಿಕೆಯಲ್ಲಿ ಅಡಗಿಸಿದ. ಅದನ್ನು ನಾನೂ ಕಂಡೆ.

"ನಂದಽ ತಪ್ಪರಿ" ಎಂದರು ಯಜಮಾನರು. "ನಿನ್ನೆ ಪೂಜಿ ಮಾಡಿ ವಿಭೂತಿ ಒರಸೂದು ಮರತೇನಿ. ವಿಭೂತಿ ನಡುವ ಇದ್ದರ ಕರೆಂಟ್ ದಾಟಂಗಿಲ್ಲ."

ಚಾಕುವಿನಿಂದ ಗೂಟಗಳನ್ನು ಹೊಳೆಯುವಂತೆ ಕೆರೆದು, ಅರಿವೆಯಿಂದ ಒರೆಸಿ, ತಂತಿ ಬಿಗಿದರು. ಕಾರು ಗುಡುಗುಟ್ಟಿತು.

"ನೋಡ್ರಪಾ, ಎಂಥಾ ಶ್ಯಾಣ್ಯಾಗ ಹುಡಿಗಿ ಕೊಟ್ಟೇವಿ" ಎಂದ ಕಾಕಾ. ಮತ್ತೆ ನಗೆ.

ಈಗ ಅಪ್ಪ ಬಾಯಿ ಬಿಡುತ್ತಾನೆ ಎಂದು ಕಾದೆ. ಭಕ್ತಿಯಿಂದ ಮಾಡಿದ್ದು, ಯಾರೂ ಅವನನ್ನು ಗಲ್ಲಿಗೆ ಹಾಕುತ್ತಿರಲಿಲ್ಲ. ಒಂದು ಮಾತು ಸಾಕಿತ್ತು. ಆದರೆ ಅಪ್ಪನೂ ಎಲ್ಲರ ಜೊತೆ ಸೇರಿ ನಕ್ಕ. ನಾಚಿಕೆಯಿಂದ ನನ್ನ ಮುಖ ಕಾದ ಹಂಚಾಯಿತು. ತವರು ಬಿಡುವ ಹೆಣ್ಣು ಅಳಬೇಕು. ನನಗೆ ಅಳು ಬರಲಿಲ್ಲ. ಎಂಥಾ ಕಲ್ಲೆದೆಯವಳು ಎಂದು ಹೆಂಗಸರು ಆಡಿಕೊಂಡರು. ಆಡಿಕೊಳ್ಳಲಿ.

ಗೋಕಾಕದ ದಾರಿಯಲ್ಲಿ ಧೈರ್ಯ ಮಾಡಿ ಕೇಳಿದೆ: "ಯಾಕ ಹಂಗ ಹೇಳಿದ್ರಿ?"

"ನನ್ನ ನಕ್ಕರ ಊರ ದಾಟೂತನಕ. ಮಾವಾರು ಅಲ್ಲೇ ಬಾಳೇವು ಮಾಡಬೇಕಲ್ಲ" ಎಂದರು.

ಆಗ ಬಂತು ಅಳು, ತಡೆಯಲಾರದಷ್ಟು. ತವರು ನೆನೆದು ಅಳುತ್ತಿದ್ದೇನೆಂದು ತಿಳಿದು ಅವರು ಕಾರು ನಿಧಾನ ಮಾಡಿದರು.

"ಅಳಬ್ಯಾಡ. ಪಂಚಮಿ ಹಬ್ಬಕ್ಕ ಕಳಸ್ತೇನಿ ತಗೋ" ಎಂದರು.

ಪಂಚಮಿಗೆ ಅಪ್ಪನೇ ಹುಕ್ಕೇರಿಗೆ ಕರೆಯಲು ಬಂದ. ನಾನು ಹೋಗಲಿಲ್ಲ.